ಐವತ್ತು ಗ್ರಾಮಿನ ಬಟ್ಟು

“ಮೊದ್ಲು ಕೀಬೋರ್ಡು ಈಚೆಗೆ ಬರ್ಲಿ, ಆಮೇಲೆ ಅಪ್ಪನ್ನ ತರಾಣ!” ಎಂದು ರಾಜ್‌ಕುಮಾರ್ ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

ಕೂಗದೆ ಇನ್ನೇನು ಮಾಡುತ್ತಾನೆ? ಕೆಜಿಎಫ್‌ನ ನಂದಿದುರ್ಗ ಮೈನ್ಸಿನ ಕೂಲಿ ಲೈನಿನ ಮನೆಗಳೆಂದರೆ ಎರಡೇ ಕೋಣೆ. ಹಿಂದಿನ ಕೋಣೆಯಲ್ಲಿ ಅವನ ಅಪ್ಪ ಕೋದಂಡಪ್ಪ, ಎಪ್ಪತ್ತೆರಡು ವರ್ಷದವನು, ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡು ಮಲಗಿದ್ದ. ಮುಂದಿನ ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಅಪ್ಪ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಕೀಬೋರ್ಡು ಚೀಲದ ಸಮೇತ ಸ್ಟ್ಯಾಂಡಿನ ಮೇಲೆ ಅಡ್ಡಲಾಗಿ ಕೂತಿತ್ತು. ಅದು ಜಾಗ ಬಿಟ್ಟುಕೊಡದೆ ಹೆಣ ಹೊರಗೆ ಬರುವ ಹಾಗಿರಲಿಲ್ಲ.

ನಾಲ್ಕು ಜನ ಅದನ್ನು ಎತ್ತಿಕೊಂಡು ಬಾಗಿಲ ಚೌಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹಿಂದಿನವರು ತಳ್ಳುತ್ತಿದ್ದರು, ಮುಂದಿನವರು “ಅಯ್ಯೋ, ಬೆರಳು, ಬೆರಳು” ಎನ್ನುತ್ತಿದ್ದರು.

ಆ ಹೊತ್ತಿಗೆ ಸರಿಯಾಗಿ ಕೋದಂಡಪ್ಪನ ಹಳೆಯ ಗೆಳೆಯ ಶ್ರೀರಾಮಪ್ಪ ಕೈಯಲ್ಲೊಂದು ಗುಲಾಬಿ ಹಾರ ಹಿಡಿದು ಲೈನಿನ ತುದಿಗೆ ಬಂದ. ಅವನ ಲೆಕ್ಕಾಚಾರ ಬೇರೆ ಇತ್ತು. ಸದ್ದಿಲ್ಲದೆ ಹೋಗುವುದು, ಹಾರ ಹಾಕುವುದು, ಕೈ ಮುಗಿಯುವುದು, ಯಾರ ಕಣ್ಣಿಗೂ ಬೀಳದೆ ರಾಬರ್ಟ್‌ಸನ್‌ಪೇಟೆಯ ಬಸ್ಸು ಹತ್ತುವುದು. ಎಂಟು ತಿಂಗಳು ಮಾತು ಬಿಟ್ಟವನಿಗೆ ಹೆಣದ ಮುಂದೆ ಕೂತು ಅಳುವ ಮುಖವೆಲ್ಲಿಂದ ಬರಬೇಕು? ಆದರೆ ಮೂವತ್ತು ವರ್ಷ ಆರ್ಕೆಸ್ಟ್ರಾದ ವಾದ್ಯ ಸಾಗಿಸಿದವನ ಬಾಯಿ ಸುಮ್ಮನಿರಬೇಕಲ್ಲ.

“ಲೇ, ಅಂಗಲ್ಲ ಕಣ್ರಲಾ! ಎತ್ತಿ ನಿಲ್ಲಿಸ್ಕಂಡು ತಿರುಗಿಸ್ರಲಾ!”

ಎಲ್ಲರ ತಲೆಯೂ ಇತ್ತ ತಿರುಗಿತು. ಒಳಗೆ ಅಳುತ್ತಿದ್ದ ಕೋದಂಡಪ್ಪನ ಹೆಂಡತಿ ಮಾರಿಯಮ್ಮನ ದನಿ ಥಟ್ಟನೆ ನಿಂತಿತು. ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ ಆಕೆ ಕೀಬೋರ್ಡಿನ ಕೆಳಗೆ ತೂರಿಕೊಂಡೇ ಹೊರಗೆ ಬಂದಳು.

“ಬಂದ್ಯಾ ಶ್ರೀರಾಮಣ್ಣ? ಎಂಟು ತಿಂಗ್ಳಿಂದ ಒಂದು ಲೋಟ ಟೀ ಕುಡಿಯಾಕೆ ಬರ್ಲಿಲ್ಲ ನೀನು.”

“ಅತ್ಗೆ...” ಎಂದ ಶ್ರೀರಾಮಪ್ಪ.

“ನೀನು ಕೋಪ ಮಾಡ್ಕಂಡು ಓದಾಗ್ಲಿಂದ ನನ್ನ ಅಂಗ್ಡಿ ಐವತ್ತು ಗ್ರಾಮಿನ ಬಟ್ಟೂ ಕಾಣ್ತಿಲ್ಲ. ಕೋಪದಾಗೆ ನೀನೇನಾರ ತಕಂಡೋದ್ಯಾ?”

ಮಾರಿಯಮ್ಮನದು ಲೈನಿನ ಮೂಲೆಯಲ್ಲಿ ಪುಟ್ಟ ಅಂಗಡಿ. ಮೆಣಸು, ಜೀರಿಗೆ, ಟೀಪುಡಿ, ಸಾಸಿವೆ. ಮಗ ಕರೆಂಟಿನ ತಕ್ಕಡಿ ಕೊಡಿಸುತ್ತೇನೆಂದರೂ ಬೇಡವೆಂದವಳು. ಹಿತ್ತಾಳೆಯ ಆ ಬಟ್ಟು ಕಳೆದುಹೋದ ಮೇಲೆ ಮೈನ್ಸಿನ ಹಳೆಯ ನಟ್ಟೊಂದನ್ನು ಇಟ್ಟು ಅಂದಾಜಿನಲ್ಲಿ ತೂಗುತ್ತಿದ್ದಳು.

“ನಾನ್ಯಾಕೆ ತಕಂಡೋಗ್ಲಿ ಅತ್ಗೆ, ನಿನ್ನ ಗಂಡನ್ನ ಕೇಳು,” ಎಂದುಬಿಟ್ಟ ಶ್ರೀರಾಮಪ್ಪ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಾರಿಯಮ್ಮ ಅಳುವಿನ ನಡುವೆಯೇ ಕಿಸಕ್ಕನೆ ನಕ್ಕಳು. “ಕೇಳಿದ್ನಲ್ಲ, ದಿನಾ ಕೇಳಿದ್ದೀನಿ. ‘ಎಲ್ಲೋ ಇರ್ತದೆ ಬುಡು’ ಅಂತಿದ್ದ. ಏಳ್ಬುಟ್ಟು ಓಗ್ಬಾರ್ದಾಗಿತ್ತಾ?”

ಅಷ್ಟರಲ್ಲಿ ಕೀಬೋರ್ಡು ಚೌಕಟ್ಟು ದಾಟಿ ಹೊರಗೆ ಬಂತು. ಕೋದಂಡಪ್ಪನಿಗೆ ದಾರಿಯಾಯಿತು.

*

ಮಾತು ಬಿಡುವ ಮೊದಲು, ಆ ಕೀಬೋರ್ಡು ಆರಿಸಲು ಕೋದಂಡಪ್ಪ, ಶ್ರೀರಾಮಪ್ಪ ಇಬ್ಬರೂ ಒಟ್ಟಿಗೇ ಬೆಂಗಳೂರಿಗೆ ಹೋಗಿದ್ದರು. ಬಂಗಾರಪೇಟೆಯಲ್ಲಿ ಶ್ರೀರಾಮಪ್ಪನ ಮಗಳು ಭಾನುಪ್ರಿಯ ಇಟ್ಟಿರುವ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋಗೂ ಒಂದು ಕೀಬೋರ್ಡು ಬೇಕಿತ್ತು, ಇವರ ‘ಸುವರ್ಣ ಮೆಲೋಡೀಸ್’ ಆರ್ಕೆಸ್ಟ್ರಾದ ಹಳೆಯದೂ ಕೈಕೊಟ್ಟಿತ್ತು. ಸ್ಟುಡಿಯೋಗೂ ಸ್ಟೇಜಿಗೂ ಒಂದೇ ತಂದುಬಿಡೋಣ ಎಂದಾಗಿತ್ತು.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಸ್ವರ. ಕೋದಂಡಪ್ಪ ಕೇಳಲಿಲ್ಲ. ಅಂಗಿಯ ಜೇಬಿನಿಂದ ಹಿತ್ತಾಳೆಯ ಬಟ್ಟೊಂದನ್ನು ತೆಗೆದು ಕೀಬೋರ್ಡಿನ ನಟ್ಟನಡುವಿನ ಬಿಳಿ ಮನೆಯ ಮೇಲೆ ಇಟ್ಟ. ಹಾರ್ಮೋನಿಯಂ ಕಲಿತವರ ಬಾಯಲ್ಲಿ ಬೆರಳಿಡುವ ಒಂದೊಂದು ಪಟ್ಟಿಯೂ ಒಂದೊಂದು ಮನೆ. ಇಟ್ಟವನು ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತ.

“ಏನ್ ಸಾರ್ ಇದು?” ಎಂದ ಅಂಗಡಿಯವನು.

“ಇಪ್ಪತ್ತಾರು ವರ್ಸ ಭೂಮಿ ಒಳಗೆ ಡ್ರಿಲ್ ಇಡ್ದಿದ್ದೀನಪ್ಪ. ಬೆರಳ ತುದಿ ಮರಗಟ್ಟೋಗವೆ. ಅಗುರಾದ್ದು ಒತ್ತಿದ್ನೋ ಇಲ್ವೋ ಅಂತ ಗೊತ್ತಾಗಲ್ಲ. ಐವತ್ತು ಗ್ರಾಮಿಗೆ ತಾನಾಗೇ ಇಳೀಬೇಕು. ಅದಕ್ಕೂ ಮೊದ್ಲೇ ಇಳಿದ್ರೆ ಬ್ಯಾಡ, ಐವತ್ತಕ್ಕೂ ಇಳೀದಿದ್ರೆ ಅದೂ ಬ್ಯಾಡ.”

ಹೆಣ್ಣು ನೋಡಲು ಬಂದ ಮುದುಕಿಯ ಹಾಗೆ ಒಂದೊಂದನ್ನೂ ಪರೀಕ್ಷೆ ಮಾಡಿದ. ಒಂದರ ಮನೆ ಬಟ್ಟು ತಾಗುವ ಮೊದಲೇ ಕುಸಿಯಿತು. “ಇದಕ್ಕೆ ಮರ್ಯಾದೆ ಇಲ್ಲ,” ಎಂದ. ಇನ್ನೊಂದರದು ಅಲ್ಲಾಡಲೇ ಇಲ್ಲ. “ಇದಕ್ಕೆ ಧಿಮಾಕು.” ಅಂಗಡಿಯ ಕೆಲಸದವರೆಲ್ಲ ನಗುತ್ತಾ ಸುತ್ತ ಸೇರಿದರು.

ಶ್ರೀರಾಮಪ್ಪನ ಕಣ್ಣು ಮಾತ್ರ ಕಿಟಕಿಯ ಪಕ್ಕದ ಒಂದರ ಮೇಲಿತ್ತು. ಐದೇ ಕೆಜಿ. ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಬಹುದು. ಇನ್ನೂರು ಬಗೆಯ ಸ್ವರ. ಅಂಗಡಿಯವನು ಗುಂಡಿಯೊಂದನ್ನು ಒತ್ತಿದ. ಒಳಗಿನಿಂದ ಡೋಲಕ್ಕು ಧಿಂತಕ ಧಿಂತಕ ಎಂದು ತಾನಾಗಿ ನುಡಿಯಿತು, ಗೆಜ್ಜೆಯ ಸಮೇತ.

“ಅಬ್ಬಬ್ಬಾ! ನನ್ನ ಕೆಲ್ಸಾನೂ ಇದೇ ಮಾಡ್ತದಲ್ಲೋ ಕೋದಂಡ! ಇದೇ ತಕಳಾಣ,” ಎಂದು ಡೋಲಕ್ ವಾದಕ ಶ್ರೀರಾಮಪ್ಪ ಕುಣಿದೇ ಬಿಟ್ಟ.

ಕೋದಂಡಪ್ಪ ಬಂದು ಆ ಗುಂಡಿ ಒತ್ತಿ ಡೋಲಕ್ಕನ್ನು ನಿಲ್ಲಿಸಿದ. ಬಟ್ಟನ್ನು ಜೇಬಿಗೆ ಹಾಕಿಕೊಂಡ. “ಯೋಚ್ನೆ ಮಾಡಿ ಬತ್ತೀವಪ್ಪ,” ಎಂದು ಅಂಗಡಿಯವನಿಗೆ ಹೇಳಿ ಹೊರಟ.

ವಾರ ಕಳೆದು ಮನೆಗೆ ಬಂದದ್ದು ಎಂಬತ್ತೆಂಟು ಮನೆಗಳ, ಇಪ್ಪತ್ತು ಕೆಜಿಯ ದೈತ್ಯ. ಊರವರೆಲ್ಲ ನೋಡಲು ಸೇರಿದ್ದಾಗ ಕೋದಂಡಪ್ಪ ಹತ್ತೂ ಬೆರಳು ಇಟ್ಟು ಒತ್ತಿದ. ಕಮಕ್ ಕಿಮಕ್ ಇಲ್ಲ. ಅದು ಕಂಟ್ರೋಲರ್ ಅಂತೆ. ಅದರೊಳಗೆ ಸ್ವರವೇ ಇರುವುದಿಲ್ಲ, ಕಂಪ್ಯೂಟರಿಗೆ ಹಾಕಿದರೆ ಕಂಪ್ಯೂಟರ್ ನುಡಿಯುತ್ತದಂತೆ.

“ಮೂಗ ಪೆಟ್ಗೆ ತಂದವ್ನೆ ನೋಡ್ರಲಾ!” ಎಂದು ಎಲ್ಲರಿಗಿಂತ ಜೋರಾಗಿ ನಕ್ಕವನು ಶ್ರೀರಾಮಪ್ಪ. ಕೋದಂಡಪ್ಪನೂ ನಕ್ಕ. ಯಾಕೆ ತಂದೆ ಎಂದು ಮಾತ್ರ ಬಾಯಿ ಬಿಡಲಿಲ್ಲ.

ನಗು ಮುಗಿದದ್ದು ಬಂಗಾರಪೇಟೆಯ ಒಂದು ಮದುವೆಯಲ್ಲಿ. ಕಲ್ಯಾಣಮಂಟಪದ ಎರಡನೇ ಮಹಡಿಗೆ ಆ ದೈತ್ಯನನ್ನು ಹೊರುವಾಗ ಮೆಟ್ಟಿಲ ತಿರುವಿನಲ್ಲಿ ಶ್ರೀರಾಮಪ್ಪನ ಸೊಂಟ ಹಿಡಿದುಕೊಂಡಿತು. ಅಲ್ಲೇ ಇಳಿಸಿಬಿಟ್ಟ. “ಅಗುರಾದ್ದು ಕಣ್ಮುಂದೆ ಇತ್ತು. ನೀನು ಬೇಕಂತಲೇ ಈ ಬಂಡೆ ತಂದೆ. ಇನ್ನು ಸಾಯೋಗಂಟ ನಾನಿದನ್ನ ಮುಟ್ಟಲ್ಲ ಕಣ್ಲಾ!” ಎಂದವನು ಡೋಲಕ್ಕು ಹೆಗಲಿಗೇರಿಸಿ ಇಳಿದು ಹೋದ. ಹಿಂದಿನಿಂದ ಕೋದಂಡಪ್ಪ “ಲೇ ಶ್ರೀರಾಮ, ಊಟಾನಾದ್ರೂ ಮಾಡ್ಕಂಡೋಗ್ಲಾ” ಎಂದು ಕರೆದದ್ದು ಕೇಳಿಸಿತ್ತು. ಆದರೆ ಅವನು ತಿರುಗಿ ನೋಡಿರಲಿಲ್ಲ.

*

ಹೊತ್ತೇರಿತು. ಶಾಮಿಯಾನದ ಕೆಳಗೆ ಕೋದಂಡಪ್ಪನನ್ನು ಸ್ನಾನ ಮಾಡಿಸಿ, ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ತಲೆಯ ಮೇಲೆ ಸ್ಟೇಜಿಗೆ ಕಟ್ಟುತ್ತಿದ್ದ ಜರಿ ಪೇಟ. ಇನ್ನೇನು ಕಾರ್ಯಕ್ರಮ ಶುರು ಎನ್ನುವ ಕಳೆ ಮುಖದಲ್ಲಿತ್ತು. ಶ್ರೀರಾಮಪ್ಪ ಹಾರ ಹಾಕಿದ.

ತಮಟೆಯವರು ಬೆಂಕಿಯ ಮುಂದೆ ತಮಟೆ ಕಾಯಿಸುತ್ತಿದ್ದರು. ರಾಜ್‌ಕುಮಾರ್ ಹತ್ತಿರ ಬಂದು ಮೆಲ್ಲಗೆ ಕೇಳಿದ. “ಚಿಕ್ಕಪ್ಪ, ಅಪ್ಪಂಗೆ ನೀನೊಂದು ಮಾತು ಕೊಟ್ಟಿದ್ಯಂತೆ?”

ಕೊಟ್ಟಿದ್ದ. ಅದೇ ಅವನ ಎದೆಯಲ್ಲಿ ಬೆಳಗಿನಿಂದ ಕೊರೆಯುತ್ತಿದ್ದುದು. ಹಿಂದೊಮ್ಮೆ ಅವರ ಆರ್ಕೆಸ್ಟ್ರಾದ ಹಾಡುಗಾರನೊಬ್ಬ ಸತ್ತಾಗ ಆಟೋದಲ್ಲಿ ಕ್ಯಾಸೆಟ್ ಹಾಕಿ ಕಳಿಸಿದ್ದರು. ಅರ್ಧ ದಾರಿಯಲ್ಲಿ ಟೇಪು ಸುತ್ತಿಕೊಂಡು ಹಾಡು ಕತ್ತೆಯಂತೆ ಅರಚಿತ್ತು. ಅಂದೇ ಇಬ್ಬರೂ ಕೈ ಮೇಲೆ ಕೈ ಇಟ್ಟು ಆಡಿದ ಮಾತು: ಯಾರು ಮೊದಲು ಹೋದರೂ ಇನ್ನೊಬ್ಬ ಹೂಳುವ ಗುಂಡಿಯವರೆಗೂ ವಾದ್ಯ ನುಡಿಸಿಕೊಂಡೇ ಕಳಿಸಿಕೊಡಬೇಕು. ಮೊದಲಿಗೆ, ಪ್ರತಿ ಕಾರ್ಯಕ್ರಮದ ಆರಂಭಕ್ಕೆಂದು ಕೋದಂಡಪ್ಪ ಕಟ್ಟಿದ ಶುರು ಟ್ಯೂನೇ ಬರಬೇಕು. ಕೆಜಿಎಫ್‌ನಲ್ಲಿ ಆ ಟ್ಯೂನ್ ಕೇಳಿದರೆ ಊಟದ ಪಂಕ್ತಿಯಿಂದ ಎದ್ದು ಬಂದು ಕುರ್ಚಿ ಹಿಡಿಯುವವರಿದ್ದರು.

“ನುಡಿಸ್ಬೇಕಾದ್ದು ಅವನ ಕೀಬೋರ್ಡು. ಅದನ್ನ ಸಾಯೋಗಂಟ ಮುಟ್ಟಲ್ಲ ಅಂದಿದ್ದೀನಿ ಕಣಪ್ಪ,” ಎಂದ ಶ್ರೀರಾಮಪ್ಪ. ಒಂದು ಮಾತು ಉಳಿಸಿಕೊಂಡರೆ ಇನ್ನೊಂದು ಕೆಡುತ್ತದೆ. ಎಂಥ ಪೇಚು ನೋಡಿ!

ಲೈನಿನ ಆ ತುದಿಯಿಂದ ಸ್ಕೂಟರಿನ ಹಾರ್ನ್ ಕೇಳಿಸಿತು. ಭಾನುಪ್ರಿಯ. ಬೆನ್ನ ಮೇಲೆ ಲ್ಯಾಪ್‌ಟಾಪಿನ ಚೀಲ, ಕಾಲ ಹತ್ತಿರ ಅಪ್ಪನ ಡೋಲಕ್ಕು. ಇಳಿದವಳೇ ನೇರ ಕೋದಂಡಪ್ಪನ ಬಳಿ ಹೋಗಿ ಕಾಲು ಹಿಡಿದು ಅತ್ತಳು, ಕಣ್ಣೊರೆಸಿಕೊಂಡಳು, ಅಪ್ಪನ ಎದುರಿಗೆ ಬಂದು ನಿಂತಳು.

“ಏಳಪ್ಪ. ಡ್ರೈವರ್ ವೆಂಕಿ ಟೆಂಪೋ ತರ್ತಾ ಇದ್ದಾನೆ, ಬ್ಯಾಟರಿ ಸ್ಪೀಕರ್ ಅದರಲ್ಲೇ ಇದೆ. ದೊಡ್ಡಪ್ಪನ ಟ್ಯೂನ್ ನನಗೆ ಬರ್ತದೆ, ಕೀಬೋರ್ಡ್ ನಾನು ನುಡಿಸ್ತೀನಿ. ನೀನು ಡೋಲಕ್.”

“ಆ ಮೂಗ ಪೆಟ್ಗೆ ಜೊತೆ ನಾನು ಕೂರಲ್ಲ.”

“ಅದು ಯಾಕೆ ಮೂಗ ಅಂತ ಗೊತ್ತಾ ನಿನಗೆ?” ಭಾನುಪ್ರಿಯಳ ದನಿ ಏರಿತು. “ಬೆಂಗಳೂರಿಂದ ಬಂದ ಮಾರನೇ ದಿನ ದೊಡ್ಡಪ್ಪ ನನ್ನ ಸ್ಟುಡಿಯೋಗೆ ಬಂದ್ರು. ನಿಮ್ಮಪ್ಪಂಗೆ ಏಳ್ಬ್ಯಾಡ ಅಂತ ಮೊದಲು ಆಣೆ ಹಾಕಿಸ್ಕೊಂಡ್ರು. ‘ಆ ಅಗುರದ್ರಲ್ಲಿ ಗುಂಡಿ ಒತ್ತಿದ್ರೆ ಡೋಲಕ್ ಬತ್ತದೆ ಕಣಮ್ಮ. ಮದ್ವೆ ಮನೆಯೋರು ನೋಡಿದ್ರೆ ಇನ್ನು ಶ್ರೀರಾಮನ್ನ ಯಾಕೆ ಕರೀತಾರೆ? ಡೋಲಕ್ ಇಲ್ದಿರೋದು ಒಂದು ಉಡುಕು’ ಅಂದ್ರು. ನಾನು ನಕ್ಕು, ‘ಇದರಲ್ಲಿ ಡೋಲಕ್ ಅಷ್ಟೇ ಅಲ್ಲ, ಸ್ವರಾನೇ ಇಲ್ಲ ದೊಡ್ಡಪ್ಪ. ನಿಮ್ಮ ಐವತ್ತು ಗ್ರಾಮ್ ಮಾತ್ರ ಇದೆ’ ಅಂತ ಕಂಪ್ಯೂಟರಲ್ಲಿ ಇದರ ಫೋಟೋ ತೋರಿಸ್ದೆ. ‘ಆಗೋಯ್ತು, ಇದೇ ಇರ್ಲಿ’ ಅಂದ್ರು.”

ಶ್ರೀರಾಮಪ್ಪ ಸೋಲಲು ಸಿದ್ಧನಿರಲಿಲ್ಲ. “ಕಂಪ್ಯೂಟರಿನಾಗೆ ಡೋಲಕ್ ಇರಲ್ವಾ?”

“ಇತ್ತು. ಅದನ್ನೂ ಅಳಿಸಾಕು ಅಂದ್ರು. ಪಕ್ಕದಲ್ಲಿ ಕೂತು ಅಳಿಸಿದ್ದು ನೋಡ್ಕೊಂಡೇ ಎದ್ದು ಹೋದ್ರು.”

ತಮಟೆ ಕಾಯಿಸುವವರು ಕೈ ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಶ್ರೀರಾಮಪ್ಪ ಕುರ್ಚಿಯಲ್ಲಿ ಕೂತ ಗೆಳೆಯನ ಕಡೆ ತಿರುಗಿದ. ನೋಡಿದ, ನೋಡಿದ, ಕೊನೆಗೆ ಬಾಯಿ ಬಿಟ್ಟು ಬೈದ.

“ಲೇ ಕೋದಂಡ! ಬಾಯ್ಬುಟ್ಟು ಏಳಿದ್ರೆ ನಿನ್ನ ಗಂಟೇನ್ಲಾ ಓಗ್ತಿತ್ತು? ಎಂಟು ತಿಂಗ್ಳು ಕಣ್ಲಾ! ಎಂಟು ತಿಂಗ್ಳು ನಿನ್ನ ಮುಖ ನೋಡ್ದಂಗೆ ಮಾಡ್ಬುಟ್ಯಲ್ಲೋ ಪಾಪಿ!”

“ಏಳಿದ್ರೆ ನೀನು ಒಪ್ತಿದ್ಯಾ?” ಎಂದಳು ಮಾರಿಯಮ್ಮ, ಗಂಡನ ಪರವಾಗಿ. “‘ನನ್ನಿಂದ ಯಾರಿಗೂ ತೊಂದ್ರೆ ಬ್ಯಾಡ’ ಅಂತ ಆವತ್ತೇ ನೀನು ಡೋಲಕ್ಕನ್ನ ಅಟ್ಟದ ಮ್ಯಾಲೆ ಆಕ್ತಿದ್ದೆ. ನಿನ್ನ ಗುಣ ನನಗೆ ಗೊತ್ತಿಲ್ವಾ?”

ಅದು ನಿಜವೇ. ಶ್ರೀರಾಮಪ್ಪ ಗೊಳೋ ಎಂದು ಅತ್ತ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಆ ಟವೆಲ್ಲನ್ನೇ ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡು, ಅಂಗಳದಲ್ಲಿ ಗೋಡೆಗೊರಗಿಸಿದ್ದ ಕೀಬೋರ್ಡಿನ ಕಡೆ ನಡೆದ.

“ಸರೀರಲಾ ಅತ್ಲಾಗೆ. ಎತ್ತಾಕೆ ಬರ್ದೇ ಇದ್ದೋರೆಲ್ಲ ಸರೀರಿ. ತಲೆ ಕಡೆ ನಾನಿಡ್ಕಂತೀನಿ.”

*

ಟೆಂಪೋದ ಮೇಲೆ ಸ್ಟ್ಯಾಂಡ್ ನಿಲ್ಲಿಸಿ ಕೀಬೋರ್ಡಿನ ಚೀಲ ಬಿಚ್ಚಿದಾಗ ಅದರ ಮೂಲೆಯಿಂದ ಏನೋ ಹೊಳೆಯುವುದು ಉರುಳಿ ಬಂದು ಮಾರಿಯಮ್ಮನ ಕಾಲ ಹತ್ತಿರ ಬಿತ್ತು.

“ಅಯ್ಯೋ, ನನ್ನ ಬಟ್ಟು!” ಎಂದು ಆಕೆ ಎತ್ತಿಕೊಂಡಳು. ತಿರುಗಿಸಿ ನೋಡಿ ಇನ್ನೂ ಜೋರಾಗಿ ಕೂಗಿದಳು. “ಇದರ ತಳಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸವ್ನೆ ನೋಡ್ರಪ್ಪ ನನ್ನ ಗಂಡ!”

“ಜಾರ್ಬಾರ್ದು ಅಂತ ದೊಡ್ಡಮ್ಮ,” ಎಂದಳು ಭಾನುಪ್ರಿಯ. “ಹಾರ್ಮೋನಿಯಂ ಸ್ವರ ಇಟ್ಕೊಂಡು ಇದನ್ನ ಮೊದಲನೇ ಮನೆ ಮೇಲೆ ಇಡ್ತಿದ್ರು. ಮನೆ ಇಳಿದು ಶ್ರುತಿ ಹಿಡಿದೇ ಇರ್ತಿತ್ತು. ಎರಡು ಕೈಯೂ ನುಡಿಸೋದಕ್ಕೆ ಸಿಗ್ತಿತ್ತು.”

“ಅದಕ್ಕೆ ನನ್ನ ವ್ಯಾಪಾರ ಆಳಾಗ್ಬೇಕಾ? ಟ್ಯೂಬ್ ಅಂಟಿಸಿದ ಮ್ಯಾಲೆ ಇದು ಐವತ್ತಾ? ಐವತ್ತೆರಡು!” ಎಂದು ಗೊಣಗುತ್ತಾ ಆಕೆ ಬಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೋದಂಡಪ್ಪನನ್ನು ಹೂವಿನ ಪಲ್ಲಕ್ಕಿಯಲ್ಲಿ ಕೂರಿಸಿದರು. ರಾಜ್‌ಕುಮಾರ್ ಮುಂದೆ ಮಡಕೆ ಹಿಡಿದ. ಭಾನುಪ್ರಿಯ ಕೀಬೋರ್ಡನ್ನು ಲ್ಯಾಪ್‌ಟಾಪಿಗೂ ಸ್ಪೀಕರಿಗೂ ಜೋಡಿಸಿ ಹತ್ತೂ ಬೆರಳು ಇಟ್ಟಳು, ಶುರು ಟ್ಯೂನ್ ಹೊರಟಿತು. ಆ ಭಾರದ ಮನೆಗಳಿಂದ ಹಾರ್ಮೋನಿಯಂ ಉಸಿರಾಡಿದ ಹಾಗೆ ಸ್ವರ ಬಂತು. ಶ್ರೀರಾಮಪ್ಪನ ಕೈ ಡೋಲಕ್ಕಿನ ಮೇಲೆ ಬಿದ್ದದ್ದೇ ತಡ, ಅಕ್ಕಪಕ್ಕದ ಲೈನಿನ ಜನವೆಲ್ಲ ಬಾಗಿಲಿಗೆ ಬಂದರು. “ಅಣ್ಣೇ, ಇನ್ನೊಂದ್ಸಲ!” ಎಂದು ಯಾರೋ ಕೂಗಿದರು. ಇನ್ನೊಬ್ಬ ಅಭ್ಯಾಸಬಲದಿಂದ ಶಿಳ್ಳೆ ಹೊಡೆದು, ತಪ್ಪಾಯಿತೇನೋ ಎಂದು ಬಾಯಿ ಮುಚ್ಚಿಕೊಂಡ. “ಒಡೀಲಾ, ಅವನಿಗೂ ಅದೇ ಬೇಕಾಗಿತ್ತು,” ಎಂದ ಶ್ರೀರಾಮಪ್ಪ ಟೆಂಪೋದ ಮೇಲಿನಿಂದ. ಆಮೇಲೆ ಕೇಳಬೇಕೇ? ದಾರಿಯುದ್ದಕ್ಕೂ ಶಿಳ್ಳೆ.

ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬದ ಬುಡದಲ್ಲಿರುವ ಸ್ಮಶಾನದ ದಾರಿ ಕವಲೊಡೆಯುವಲ್ಲಿ ಊರ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. “ಹೆಂಗಸ್ರು ಇಲ್ಲಿಗೆ ನಿಲ್ಬೇಕಮ್ಮ. ಮುಂದಕ್ಕೆ ಬರೋ ಪದ್ಧತಿ ಇಲ್ಲ.”

ಮಾರಿಯಮ್ಮ ನಿಂತಳು. ಭಾನುಪ್ರಿಯ ನಿಲ್ಲಲಿಲ್ಲ. “ನಾನು ನಿಂತ್ರೆ ಕೀಬೋರ್ಡ್ ಯಾರು ನುಡಿಸ್ತಾರೆ? ಸ್ಟೇಜಿಗೆ ಬರ್ಬೋದು, ಇಲ್ಲಿಗೆ ಬರ್ಬಾರ್ದಾ ತಾತ?”

ಹಿರಿಯರು ಕೈ ಇಳಿಸಲಿಲ್ಲ. ಪಲ್ಲಕ್ಕಿ ಹೊತ್ತವರ ಹೆಗಲು ಭಾರಕ್ಕೆ ಬಾಗುತ್ತಿತ್ತು. ಕೀಬೋರ್ಡು ನಿಂತಿತು. ಶ್ರೀರಾಮಪ್ಪನ ಕೈಯೂ ನಿಂತಿತು. ಗುಂಡಿಯವರೆಗೂ ಎಂದು ಆಡಿದ್ದ ಮಾತು, ಇನ್ನೂರು ಹೆಜ್ಜೆ ಇರುವಾಗ ಇಲ್ಲಿಗೇ ಮುಗಿಯಿತೇ? ಕೀಬೋರ್ಡಿನಲ್ಲಿ ಅವನಿಗೆ ಏಳು ಸ್ವರದಲ್ಲಿ ಒಂದನ್ನೂ ನುಡಿಸಲು ಬಾರದು.

“ಜಗಳ ಬ್ಯಾಡ ಮಗ, ಇಳಿ. ಅವನನ್ನ ದಾರೀಲಿ ಕಾಯ್ಸಬ್ಯಾಡ,” ಎಂದಳು ಮಾರಿಯಮ್ಮ. ಭಾನುಪ್ರಿಯ ಕೋಪದಲ್ಲೇ ಇಳಿದಳು. ಮಾರಿಯಮ್ಮ ಟೆಂಪೋದ ಪಕ್ಕಕ್ಕೆ ಬಂದು ಸೆರಗಿನ ಗಂಟು ಬಿಚ್ಚಿದಳು. “ಎಲ್ಲಿಡ್ತಿದ್ದ ತೋರ್ಸು.”

ಭಾನುಪ್ರಿಯ ಕೈ ಚಾಚಿ ತೋರಿಸಿದಳು. ಮಾರಿಯಮ್ಮ ತುದಿಗಾಲಲ್ಲಿ ನಿಂತು ಬಟ್ಟನ್ನು ಆ ಬಿಳಿ ಮನೆಯ ಮೇಲೆ ಇಟ್ಟಳು. ಮನೆ ಅವಸರವಿಲ್ಲದೆ ಇಳಿಯಿತು. ಸ್ಪೀಕರಿನಿಂದ ಒಂದೇ ಸ್ವರ ಹೊರಟು ನಿಂತಿತು, ನೀಳವಾಗಿ, ತುಂಬಿಕೊಂಡು.

“ನಿನ್ನ ಅಂಗ್ಡಿ ಬಟ್ಟು ಅತ್ಗೆ, ಸಂಜೆಗೆ ತಂದ್ಕೊಡ್ತೀನಿ,” ಎಂದ ಶ್ರೀರಾಮಪ್ಪ.

“ಐವತ್ತೆರಡು ಗ್ರಾಮಿನ ಬಟ್ಟು ಇಟ್ಕಂಡು ನಾನೇನ್ ಮಾಡ್ಲಿ? ಅದು ಅಲ್ಲೇ ಇರ್ಲಿ. ನೀನು ಒಡಿ.”

“ವೆಂಕಿ, ನಿಧಾನಕ್ಕೆ ಬುಡಪ್ಪ ಗಾಡಿ,” ಎಂದು ಶ್ರೀರಾಮಪ್ಪ ಡೋಲಕ್ಕನ್ನು ತೊಡೆಗೆ ಎಳೆದುಕೊಂಡ. ಟೆಂಪೋ ಸ್ಮಶಾನದ ಹಳ್ಳದ ದಾರಿಗೆ ಇಳಿಯಿತು, ವಾಲಿತು, ಹತ್ತಿತು. ಬಟ್ಟು ಒಂದು ಸಲ ನಡುಗಿ ಮತ್ತೆ ಗಟ್ಟಿಯಾಗಿ ಕೂತಿತು. ಶ್ರೀರಾಮಪ್ಪ ಆ ಸ್ವರಕ್ಕೆ ಡೋಲಕ್ಕು ಸೇರಿಸಿ, ಶುರು ಟ್ಯೂನಿನ ಲಯವನ್ನು ಮೊದಲಿನಿಂದ ಹಿಡಿದ. ಅವನ ಮುಂದೆ ಎಂಬತ್ತೆಂಟು ಮನೆಗಳಲ್ಲಿ ಒಂದೇ ಒಂದು, ಯಾರ ಬೆರಳೂ ಇಲ್ಲದೆ, ಒತ್ತಿದ ಹಾಗೆಯೇ ಇತ್ತು.